ಟಸ್ಕೆಗೀಯ ಎರಡು ಲೆಕ್ಕದ ಪುಸ್ತಕಗಳು



ಶಾಲೆ ಕಟ್ಟಿದವರ ಚರಿತ್ರೆ ಬರೆಯುವಾಗ ನಾವು ಅವರ ಕನಸಿನ ಬಗ್ಗೆ ಬರೆಯುತ್ತೇವೆ, ಖಾತೆ ಪುಸ್ತಕದ ತಂಟೆಗೆ ಹೋಗುವುದಿಲ್ಲ. ಸುವರ್ಣ ಮಹೋತ್ಸವದ ಸಂಚಿಕೆ ತೆರೆದರೆ ಹಾರ ಹಾಕಿದ ಭಾವಚಿತ್ರ ಇರುತ್ತದೆ. ಮೊದಲ ವರ್ಷದ ಬಾಡಿಗೆ ಯಾರು ಕಟ್ಟಿದರು, ಸೋರುವ ಮಾಡಿಗೆ ದುಡ್ಡು ಎಲ್ಲಿಂದ ಬಂತು, ಕೊಟ್ಟವರು ಅದಕ್ಕೆ ಪ್ರತಿಯಾಗಿ ಏನು ಕೇಳಿದರು ಎಂಬುದು ಎಲ್ಲೂ ಇರುವುದಿಲ್ಲ. ಒಬ್ಬರು ಇಟ್ಟ ದತ್ತಿಯ ಬಡ್ಡಿಯಲ್ಲಿ ನಡೆಯುತ್ತಿರುವ ಈ ಸಭೆಯಲ್ಲಿ ನಿಂತು ಆ ಪ್ರಶ್ನೆಗಳನ್ನು ಎತ್ತುವುದು ಅಷ್ಟೇನೂ ಸಭ್ಯತೆಯಲ್ಲವೇನೋ. ಆದರೂ ಎತ್ತುತ್ತೇನೆ. ನಾನು ಆರಿಸಿಕೊಂಡ ವ್ಯಕ್ತಿ, ಅಮೆರಿಕದ ಅಲಬಾಮ ರಾಜ್ಯದ ಟಸ್ಕೆಗೀಯಲ್ಲಿ ಶಾಲೆ ಕಟ್ಟಿದ ಬುಕರ್ ಟಿ. ವಾಷಿಂಗ್ಟನ್. ಅವರನ್ನು ಕಪ್ಪು ಜನರ ನಾಯಕ, ಭಾಷಣಕಾರ, ಆತ್ಮಕತೆಯ ಲೇಖಕ ಎಂದೆಲ್ಲ ಹೇಳುತ್ತಾರೆ. ನನ್ನ ಮಟ್ಟಿಗೆ ಅವರು ಮೊದಲಿಗೆ ಒಬ್ಬ ಶಾಲಾ ಆಡಳಿತಗಾರ. ಮೂವತ್ತು ಮಂದಿಯ ಒಂದು ಗುಡಿಸಲು ಶಾಲೆಯನ್ನು ಮೂವತ್ತನಾಲ್ಕು ವರ್ಷದಲ್ಲಿ ನೂರಕ್ಕೂ ಹೆಚ್ಚು ಕಟ್ಟಡಗಳ, ಸಾವಿರದೈನೂರು ವಿದ್ಯಾರ್ಥಿಗಳ, ಇಪ್ಪತ್ತು ಲಕ್ಷ ಡಾಲರಿನಷ್ಟು ಮೂಲಧನದ ಸಂಸ್ಥೆಯಾಗಿ ಬೆಳೆಸಿದವರು. ಅದನ್ನು ಅವರು ಹೇಗೆ ಮಾಡಿದರು, ಅದಕ್ಕೆ ಏನನ್ನು ತೆತ್ತರು ಎನ್ನುವುದೇ ನನ್ನ ವಿಷಯ.

ಆ ಶಾಲೆ ಹುಟ್ಟಿದ್ದೇ ಒಂದು ಚುನಾವಣಾ ಒಪ್ಪಂದದಿಂದ. 1880ರಲ್ಲಿ ಅಲಬಾಮ ಸೆನೆಟ್ಟಿಗೆ ಡಬ್ಲ್ಯೂ. ಎಫ್. ಫಾಸ್ಟರ್ ಎಂಬವರು ನಿಂತಿದ್ದರು. ಅಂತರ್ಯುದ್ಧದಲ್ಲಿ ದಕ್ಷಿಣದ ಪರವಾಗಿ, ಅಂದರೆ ಗುಲಾಮಗಿರಿ ಉಳಿಯಲೆಂದು ಹೋರಾಡಿದವರ ಪಾಳಯದ ಮನುಷ್ಯ. ಟಸ್ಕೆಗೀ ಇರುವ ಮೇಕನ್ ಕೌಂಟಿಯಲ್ಲಿ ಕಪ್ಪು ಮತದಾರರೇ ಹೆಚ್ಚು. ಫಾಸ್ಟರ್ ಹೋಗಿ ಕಂಡದ್ದು ಲೂಯಿಸ್ ಆಡಮ್ಸ್ ಎಂಬ ತಗಡಿನ ಕೆಲಸದವರನ್ನು. ಆಡಮ್ಸ್ ಹಿಂದೆ ಗುಲಾಮರಾಗಿದ್ದವರು, ಶಾಲೆಗೆ ಹೋಗಿ ಕಲಿತವರಲ್ಲ, ಊರಿನಲ್ಲಿ ಅವರ ಮಾತಿಗೆ ತೂಕವಿತ್ತು. ನಮ್ಮವರ ಮತ ಬೇಕಾದರೆ ನಮ್ಮ ಮಕ್ಕಳಿಗೊಂದು ಶಾಲೆ ಮಾಡಿಸಿಕೊಡಿ ಎಂದರು. ಫಾಸ್ಟರ್ ಗೆದ್ದರು, ಮಾತು ಉಳಿಸಿಕೊಂಡರು. 1881ರ ಆರಂಭದಲ್ಲಿ ಶಿಕ್ಷಕರ ತರಬೇತಿ ಶಾಲೆಯೊಂದಕ್ಕೆ ವರ್ಷಕ್ಕೆ 2,000 ಡಾಲರ್ ಕೊಡುವ ಕಾಯ್ದೆ ಪಾಸಾಯಿತು. ಷರತ್ತು ಏನೆಂದರೆ, ಆ ಹಣ ಸಂಬಳಕ್ಕೆ ಮಾತ್ರ. ಜಾಗಕ್ಕೆ ಇಲ್ಲ, ಕಟ್ಟಡಕ್ಕೆ ಇಲ್ಲ, ಒಂದು ಕರಿಹಲಗೆಗೂ ಇಲ್ಲ. ವೇತನಾನುದಾನದ ಶಾಲೆ ನಡೆಸಿದವರು ಈ ಸಭೆಯಲ್ಲಿ ಹಲವರಿದ್ದೀರಿ. ಇದರ ಅರ್ಥವನ್ನು ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಆ ಒಪ್ಪಂದವನ್ನು ನೀವು ನೆನಪಿನಲ್ಲಿಟ್ಟುಕೊಳ್ಳಬೇಕು. ಮತದಿಂದ ಹುಟ್ಟಿದ ಶಾಲೆ ಅದು. ಮುಂದೆ ಅದರ ಮುಖ್ಯಸ್ಥರು ತಮ್ಮ ಜನರಿಗೆ, ಮತದ ಹಕ್ಕಿಗಾಗಿ ಸದ್ಯಕ್ಕೆ ಅವಸರಪಡಬೇಡಿ ಎಂದು ಊರೂರು ತಿರುಗಿ ಹೇಳುವ ಕಾಲ ಬಂತು.

ಶಾಲೆಯ ಸಮಿತಿಯವರು ವರ್ಜೀನಿಯಾದಲ್ಲಿ ಕಪ್ಪು ವಿದ್ಯಾರ್ಥಿಗಳಿಗಾಗಿ ಇದ್ದ ಹ್ಯಾಂಪ್ಟನ್ ಶಿಕ್ಷಣ ಸಂಸ್ಥೆಯ ಜನರಲ್ ಸ್ಯಾಮುಯೆಲ್ ಆರ್ಮ್‌ಸ್ಟ್ರಾಂಗ್ ಅವರಿಗೆ ಪತ್ರ ಬರೆದು, ಮುಖ್ಯಸ್ಥರಾಗಲು ಯೋಗ್ಯನಾದ ಒಬ್ಬ ಬಿಳಿಯನನ್ನು ಸೂಚಿಸಿ ಎಂದು ಕೇಳಿದರು. ಅಂಥ ಬಿಳಿಯರು ಯಾರೂ ನನಗೆ ಗೊತ್ತಿಲ್ಲ, ಒಬ್ಬ ಕಪ್ಪು ಯುವಕನಿದ್ದಾನೆ ಎಂದು ಆರ್ಮ್‌ಸ್ಟ್ರಾಂಗ್ ಉತ್ತರ ಬರೆದರು. ಟಸ್ಕೆಗೀಯಿಂದ, ಆಗಬಹುದು ಕಳಿಸಿ ಎಂದು ತಂತಿ ಬಂತು. 1881ರ ಜೂನ್‌ನಲ್ಲಿ ವಾಷಿಂಗ್ಟನ್ ಅಲ್ಲಿಗೆ ಬಂದಿಳಿದಾಗ ಅವರಿಗೆ ಇಪ್ಪತ್ತೈದು ವರ್ಷ. ಅದೇ ವರ್ಷದ ಮಾರ್ಚ್‌ನಲ್ಲಿ ಮೈಸೂರು ಸಂಸ್ಥಾನ ಬ್ರಿಟಿಷರ ಕೈಯಿಂದ ಒಡೆಯರಿಗೆ ಮರಳಿತ್ತು. ಕಾಲದ ಅಂದಾಜು ಸಿಗಲಿ ಎಂದು ಹೇಳಿದೆನಷ್ಟೆ.

ಆ ಇಪ್ಪತ್ತೈದು ವರ್ಷದ ಕತೆಯನ್ನು ಚುಟುಕಾಗಿ ಹೇಳುತ್ತೇನೆ. ಹುಟ್ಟಿದ್ದು 1856ರಲ್ಲಿ, ವರ್ಜೀನಿಯಾದ ಒಂದು ತೋಟದಲ್ಲಿ, ಗುಲಾಮ ತಾಯಿಯ ಮಗನಾಗಿ. ತಂದೆ ಯಾರೋ ಬಿಳಿಯ, ಹೆಸರು ಗೊತ್ತಿಲ್ಲ. ಬಿಡುಗಡೆಯಾದ ಮೇಲೆ ಕುಟುಂಬ ಪಶ್ಚಿಮ ವರ್ಜೀನಿಯಾದ ಮಾಲ್ಡೆನ್‌ಗೆ ಹೋಯಿತು. ಮಲತಂದೆಗೆ ಅಲ್ಲಿ ಉಪ್ಪಿನ ಭಟ್ಟಿಯಲ್ಲಿ ಕೆಲಸ. ದಿನದ ಕೊನೆಗೆ ಮೇಸ್ತ್ರಿ ಬಂದು ಪ್ರತಿಯೊಬ್ಬ ಕೂಲಿಯ ಪೀಪಾಯಿಗಳ ಮೇಲೆ ಅವನವನ ನಂಬರು ಹಾಕುತ್ತಿದ್ದ. ಮಲತಂದೆಯ ನಂಬರು 18. ಹುಡುಗ ಬದುಕಿನಲ್ಲಿ ಓದಲು ಕಲಿತ ಮೊದಲ ಬರಹ ಆ 18. ಮುಂದೆ ಹಗಲು ಶಾಲೆಗೆ ಹೋಗಲು ಅನುಮತಿ ಸಿಕ್ಕಿತು, ಆದರೆ ಬೆಳಿಗ್ಗೆ ಒಂಬತ್ತರವರೆಗೆ ಭಟ್ಟಿಯಲ್ಲಿ ದುಡಿಯಬೇಕು. ಶಾಲೆ ಶುರುವಾಗುವುದೂ ಒಂಬತ್ತಕ್ಕೇ. ಹುಡುಗ ದಿನಾ ಭಟ್ಟಿಯ ಕಚೇರಿಗೆ ನುಗ್ಗಿ ಗಡಿಯಾರದ ಮುಳ್ಳನ್ನು ಎಂಟೂವರೆಯಿಂದ ಒಂಬತ್ತಕ್ಕೆ ತಿರುಗಿಸಿ ಓಡುತ್ತಿದ್ದ. ಕೊನೆಗೆ ಯಜಮಾನ ಗಡಿಯಾರವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ನಿಯಮವನ್ನು ಎದುರಿಗೆ ನಿಂತು ಮುರಿಯದೆ, ಯಾರಿಗೂ ಕಾಣದ ಹಾಗೆ ಮುಳ್ಳು ತಿರುಗಿಸುವ ಈ ಗುಣ ಮುಂದೆ ದೊಡ್ಡ ವಿಷಯಗಳಲ್ಲೂ ಕಾಣಿಸುತ್ತದೆ.

1872ರಲ್ಲಿ ಓದಲೆಂದು ಹ್ಯಾಂಪ್ಟನ್‌ಗೆ ಹೊರಟರು. ಸುಮಾರು ಐನೂರು ಮೈಲಿ. ಬಹಳಷ್ಟು ಕಾಲ್ನಡಿಗೆ, ಸಿಕ್ಕಿದ ಬಂಡಿ. ರಿಚ್ಮಂಡ್ ಊರಿನಲ್ಲಿ ಮರದ ಕಾಲುದಾರಿಯ ಅಡಿಯಲ್ಲಿ ಮಲಗಿದರು, ಹಡಗಿನಿಂದ ಕಬ್ಬಿಣ ಇಳಿಸಿ ದಾರಿಖರ್ಚು ದುಡಿದರು. ಹ್ಯಾಂಪ್ಟನ್ ಮುಟ್ಟಿದಾಗ ಕಿಸೆಯಲ್ಲಿ ಉಳಿದದ್ದು ಐವತ್ತು ಸೆಂಟು. ಧೂಳು ಮೆತ್ತಿದ ಹುಡುಗನನ್ನು ಕಂಡು ಅಲ್ಲಿನ ಮುಖ್ಯ ಅಧ್ಯಾಪಕಿ ಮೇರಿ ಮ್ಯಾಕಿ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, ಪಕ್ಕದ ಕೋಣೆ ಗುಡಿಸು ಎಂದರು. ಮೂರು ಸಲ ಗುಡಿಸಿ, ನಾಲ್ಕು ಸಲ ಒರೆಸಿದರು. ಮ್ಯಾಕಿ ಬಂದು ಮರದ ಚೌಕಟ್ಟು, ಮೇಜು, ಬೆಂಚುಗಳ ಮೇಲೆ ಕರ್ಚೀಫು ಉಜ್ಜಿ ನೋಡಿದರು. ಧೂಳು ಹತ್ತಲಿಲ್ಲ. ಅದೇ ಅವರ ಪ್ರವೇಶ ಪರೀಕ್ಷೆ.

ಇಲ್ಲೊಂದು ಮಾತು. ಈ ಕತೆಗಳೆಲ್ಲ ನಮಗೆ ಸಿಗುವುದು 1901ರಲ್ಲಿ ಪುಸ್ತಕವಾಗಿ ಬಂದ ಅವರ ಆತ್ಮಕತೆ ‘ಅಪ್ ಫ್ರಂ ಸ್ಲೇವರಿ’ಯಲ್ಲಿ. ಆ ಪುಸ್ತಕ ಓದಿ ಕೊಡಾಕ್ ಕ್ಯಾಮೆರಾದ ಜಾರ್ಜ್ ಈಸ್ಟ್‌ಮನ್ 5,000 ಡಾಲರ್ ಕಳಿಸಿದರು. ಆತ್ಮಕತೆಯೂ ಸಂಸ್ಥೆಯ ಆದಾಯದ ಒಂದು ಬಾಬ್ತು. ಕತೆಗಳು ಸುಳ್ಳು ಎಂದು ನಾನು ಹೇಳುತ್ತಿಲ್ಲ. ಯಾವ ಕತೆ ಕೇಳಿದರೆ ಉತ್ತರದ ಶ್ರೀಮಂತರ ಕೈ ಚೆಕ್ ಪುಸ್ತಕದ ಕಡೆಗೆ ಹೋಗುತ್ತದೆ ಎಂಬುದು ಹೇಳುವವರಿಗೆ ಗೊತ್ತಿತ್ತು ಎಂದಷ್ಟೇ ಹೇಳುತ್ತಿದ್ದೇನೆ.

ಟಸ್ಕೆಗೀಗೆ ಬಂದವರು ಮೊದಲ ತಿಂಗಳು ಹೇಸರಗತ್ತೆ ಕಟ್ಟಿದ ಗಾಡಿಯಲ್ಲಿ ಹಳ್ಳಿ ಸುತ್ತಿದರು. ರೈತರ ಗುಡಿಸಲುಗಳಲ್ಲೇ ಊಟ, ಅಲ್ಲೇ ನಿದ್ದೆ. ಹತ್ತಿ ಬಿತ್ತನೆ ಮನೆಯ ಹೊಸಿಲ ತನಕ ಬಂದಿತ್ತು. ತರಕಾರಿ ಬೆಳೆಯಲು ಒಂದು ಗೇಣು ಜಾಗ ಬಿಟ್ಟಿರಲಿಲ್ಲ. ಬರುವ ಬೆಳೆ ಮುಂಚೆಯೇ ಸಾಲಕ್ಕೆ ಅಡವಾಗಿರುತ್ತಿತ್ತು. ಊಟವೆಂದರೆ ಹಂದಿಯ ಕೊಬ್ಬು ಮತ್ತು ಜೋಳದ ರೊಟ್ಟಿ, ಎರಡೂ ಅಂಗಡಿಯಿಂದ ತಂದದ್ದು. ಒಂದು ಮನೆಯಲ್ಲಿ ಐದು ಜನಕ್ಕೆ ಒಂದೇ ಫೋರ್ಕು, ಮೂಲೆಯಲ್ಲಿ ಮಾತ್ರ ಕಂತಿನ ಮೇಲೆ ಕೊಂಡ 60 ಡಾಲರಿನ ಆರ್ಗನ್ ವಾದ್ಯ. ಇಂಥ ಊರಿಗೆ ಯಾವ ಶಾಲೆ ಬೇಕು ಎಂಬುದನ್ನು ಅವರು ಆ ಗಾಡಿಯಲ್ಲೇ ತೀರ್ಮಾನಿಸಿದರು ಎನಿಸುತ್ತದೆ.

ಜುಲೈ 4ರಂದು ಶಾಲೆ ಶುರುವಾಯಿತು, ಚರ್ಚೊಂದರ ಪಕ್ಕದ ಜೋಪಡಿಯಲ್ಲಿ. ವಿದ್ಯಾರ್ಥಿಗಳು ಮೂವತ್ತು ಮಂದಿ. ಹಲವರು ಆಗಲೇ ಹಳ್ಳಿ ಶಾಲೆಗಳಲ್ಲಿ ಪಾಠ ಹೇಳುತ್ತಿದ್ದವರು, ಕೆಲವರು ನಲವತ್ತರ ಆಸುಪಾಸಿನವರು. ಮಳೆ ಬಂದರೆ ದೊಡ್ಡ ವಿದ್ಯಾರ್ಥಿಯೊಬ್ಬ ಎದ್ದು ಬಂದು ಮೇಷ್ಟ್ರ ತಲೆಯ ಮೇಲೆ ಛತ್ರಿ ಹಿಡಿಯುತ್ತಿದ್ದ, ಪಾಠ ಮುಂದುವರಿಯುತ್ತಿತ್ತು.

ಊರ ಹೊರಗೆ ನೂರು ಎಕರೆಯ ಒಂದು ಹಳೆಯ ತೋಟ ಮಾರಾಟಕ್ಕಿತ್ತು. ಯಜಮಾನನ ದೊಡ್ಡ ಮನೆ ಸುಟ್ಟುಹೋಗಿತ್ತು. ಬೆಲೆ 500 ಡಾಲರ್, ಅರ್ಧ ಈಗ, ಇನ್ನರ್ಧ ವರ್ಷದೊಳಗೆ. ಅವರ ಕೈಯಲ್ಲಿ ಐದು ಡಾಲರೂ ಇರಲಿಲ್ಲ. ಹ್ಯಾಂಪ್ಟನ್‌ನ ಖಜಾಂಚಿ ಜನರಲ್ ಮಾರ್ಷಲ್ ಅವರಿಗೆ ಪತ್ರ ಬರೆದರು. ಸಂಸ್ಥೆಯ ಹಣ ಕೊಡಲು ನನಗೆ ಅಧಿಕಾರವಿಲ್ಲ, ನನ್ನ ಸ್ವಂತದ 250 ಸಾಲ ಕೊಡುತ್ತೇನೆ ಎಂದು ಅವರು ಕಳಿಸಿದರು. ಖಜಾಂಚಿಗಳಲ್ಲಿ ಇಂಥವರೂ ಇರುತ್ತಾರೆ. ತೋಟದಲ್ಲಿ ಉಳಿದಿದ್ದ ಹಳೆಯ ಅಡುಗೆಮನೆ, ಕುದುರೆಲಾಯ, ಕೋಳಿಗೂಡುಗಳೇ ತರಗತಿಗಳಾದವು. ಕೋಳಿಗೂಡನ್ನು ಶುಚಿ ಮಾಡಬೇಕು, ನಾಳೆ ಬಾ ಎಂದು ವಾಷಿಂಗ್ಟನ್ ಒಬ್ಬ ಮುದುಕನಿಗೆ ಹೇಳಿದಾಗ ಅವನು ಗಾಬರಿಯಾದ: ಹಾಡುಹಗಲಲ್ಲಿ ಕೋಳಿಗೂಡಿಗೆ ಕೈಹಾಕುವುದೇ? ಹಸಿವಿದ್ದವರು ಕೋಳಿಗೂಡಿಗೆ ಹೋಗುತ್ತಿದ್ದುದು ರಾತ್ರಿ. ಬಿಳಿಯ ಶ್ರೋತೃಗಳ ಎದುರು ವಾಷಿಂಗ್ಟನ್ ಇಂಥ ನಗೆಕತೆಗಳನ್ನು ಧಾರಾಳವಾಗಿ ಹೇಳುತ್ತಿದ್ದರು. ನಕ್ಕವರಲ್ಲಿ ಕೆಲವರು ದಾನ ಕೊಟ್ಟರು. ಆ ನಗು ಯಾರ ಖರ್ಚಿನಲ್ಲಿ ಬಂತು ಎಂದು ಅವರ ಟೀಕಾಕಾರರು ಮುಂದೆ ಕೇಳಿದರು, ಕೇಳಿದ್ದು ಸರಿಯೇ.

ಜಮೀನಿನ ಸಾಲ ಐದೇ ತಿಂಗಳಲ್ಲಿ ತೀರಿತು. ಅದರ ಮುಖ್ಯ ಶ್ರೇಯಸ್ಸು ಒಲಿವಿಯಾ ಡೇವಿಡ್‌ಸನ್ ಅವರದು. ಶಾಲೆ ಶುರುವಾದ ಕೆಲವೇ ವಾರಗಳಲ್ಲಿ ಬಂದು ಸೇರಿದ ಅಧ್ಯಾಪಕಿ, ಮುಂದೆ ವಾಷಿಂಗ್ಟನ್‌ರ ಎರಡನೆಯ ಹೆಂಡತಿ, 1889ರಲ್ಲಿ ತೀರಿಕೊಂಡರು. ಟಸ್ಕೆಗೀಯ ಸಂಸ್ಥಾಪಕರು ಇಬ್ಬರು ಎಂದು ಬರೆಯಬೇಕಾದ ಕಡೆಗಳಲ್ಲೆಲ್ಲ ಒಬ್ಬರೆಂದೇ ಬರೆಯಲಾಗಿದೆ. ಊರಿನಲ್ಲಿ ಮನೆಮನೆಗೆ ಹೋಗಿ ಕೇಕು, ಕೋಳಿ, ರೊಟ್ಟಿ ಕೂಡಿಸಿ ಮಾರಾಟದ ಊಟ ಏರ್ಪಡಿಸಿದವರು ಅವರು. ಉತ್ತರದ ನಗರಗಳಲ್ಲಿ ಮನೆಬಾಗಿಲು ತಟ್ಟುತ್ತ, ಆಯಾಸದಿಂದ ಕೆಲವು ರಾತ್ರಿ ಬಟ್ಟೆ ಬಿಚ್ಚಲೂ ತ್ರಾಣವಿಲ್ಲದೆ ಕುಸಿಯುತ್ತಿದ್ದವರೂ ಅವರೇ. ಎಪ್ಪತ್ತರ ಆಸುಪಾಸಿನ ಒಬ್ಬ ಹೆಂಗಸು, ಗುಲಾಮಗಿರಿಯಲ್ಲೇ ವಯಸ್ಸು ಕಳೆದವಳು, ಚಿಂದಿ ಉಟ್ಟು ಕೋಲೂರಿಕೊಂಡು ಬಂದು ಆರು ಮೊಟ್ಟೆ ಕೊಟ್ಟು ಹೋದಳು. ಮುಂದೆ ಲಕ್ಷಗಟ್ಟಲೆ ಬಂದರೂ ಆ ಆರು ಮೊಟ್ಟೆಯಷ್ಟು ಯಾವುದೂ ಮನಸ್ಸಿಗೆ ತಟ್ಟಲಿಲ್ಲವೆಂದು ವಾಷಿಂಗ್ಟನ್ ಬರೆದುಕೊಂಡಿದ್ದಾರೆ.

ಈಗ ಇಟ್ಟಿಗೆಯ ವಿಷಯ. ಇದನ್ನು ನಿಧಾನವಾಗಿ ಹೇಳಬೇಕು. ಕಟ್ಟಡಗಳನ್ನು ವಿದ್ಯಾರ್ಥಿಗಳೇ ಕಟ್ಟಬೇಕು ಎಂಬುದು ಅವರ ಹಟ. ಊರಿನಲ್ಲಿ ಇಟ್ಟಿಗೆ ಸುಡುವವರಿರಲಿಲ್ಲ, ಬೇಡಿಕೆಯಿತ್ತು. ಮಣ್ಣು ಹುಡುಕಿ ಮೊಣಕಾಲುದ್ದದ ಕೆಸರಿನ ಹೊಂಡಕ್ಕೆ ಹುಡುಗರನ್ನು ಇಳಿಸಿದಾಗ ಅನೇಕರು ಗೊಣಗಿದರು. ಕೆಲವರು ಶಾಲೆಯನ್ನೇ ಬಿಟ್ಟರು. ನಾವು ಬಂದದ್ದು ಈ ಕೆಲಸದಿಂದ ತಪ್ಪಿಸಿಕೊಳ್ಳಲು, ಇಲ್ಲೂ ಇದೇ ಮಾಡಬೇಕೆ ಎಂಬುದು ಅವರ ಪ್ರಶ್ನೆ. ಇನ್ನೂರೈವತ್ತು ವರ್ಷ ಬಿಟ್ಟಿ ದುಡಿದ ಜನರ ಮಕ್ಕಳು ಕೇಳಿದ ಪ್ರಶ್ನೆ ಅದು, ಸೋಮಾರಿಗಳದ್ದಲ್ಲ. ಇಟ್ಟಿಗೆ ಹೊಯ್ಯುವುದು ಸುಲಭ, ಸುಡುವುದು ಕಷ್ಟ. ಆವಿಗೆಯಲ್ಲಿ ಇಟ್ಟಿಗೆ ಜೋಡಿಸುವಾಗ ಬೆಂಕಿ ಹಾಯಲು ಸಂದು ಬಿಡಬೇಕು, ವಾರದಷ್ಟು ಕಾಲ ಹದವಾದ ಕಾವು ಕೊಡಬೇಕು. ಮೊದಲ ಆವಿಗೆಯ 25,000 ಇಟ್ಟಿಗೆ ಹಾಳಾದವು. ಎರಡನೆಯದೂ ಹಾಗೇ ಹೋಯಿತು. ಮೂರನೆಯದು ಚೆನ್ನಾಗಿ ಬರುತ್ತಿದೆ ಎನ್ನುವಷ್ಟರಲ್ಲಿ, ವಾರದ ಕೊನೆಯಲ್ಲಿ, ಒಂದು ನಡುರಾತ್ರಿ ಆವಿಗೆಯೇ ಕುಸಿಯಿತು. ಕೈಯಲ್ಲಿ ಒಂದು ಡಾಲರೂ ಉಳಿದಿರಲಿಲ್ಲ. ಅಧ್ಯಾಪಕರೆಲ್ಲ, ಬಿಟ್ಟುಬಿಡೋಣ ಎಂದರು. ವಾಷಿಂಗ್ಟನ್ ಮಾಂಟ್ಗಾಮರಿ ಊರಿಗೆ ಹೋಗಿ ತಮ್ಮ ಜೇಬುಗಡಿಯಾರ ಅಡವಿಟ್ಟು ಹದಿನೈದು ಡಾಲರ್ ತಂದರು. ನಾಲ್ಕನೆಯ ಆವಿಗೆ ಸುಟ್ಟಿತು. ಅಡವಿನ ವಾಯಿದೆ ಅಷ್ಟರಲ್ಲಿ ತೀರಿಹೋಗಿತ್ತು, ಗಡಿಯಾರ ಮರಳಿ ಬರಲಿಲ್ಲ. ಹತ್ತೊಂಬತ್ತು ವರ್ಷದ ನಂತರ ಒಂದು ಹಂಗಾಮಿನಲ್ಲಿ ವಿದ್ಯಾರ್ಥಿಗಳು 12 ಲಕ್ಷ ಇಟ್ಟಿಗೆ ಮಾಡಿದರು. ಆ ಹೊತ್ತಿಗೆ ಕ್ಯಾಂಪಸ್ಸಿನಲ್ಲಿದ್ದ 40 ಕಟ್ಟಡಗಳಲ್ಲಿ 4 ಬಿಟ್ಟು ಉಳಿದವೆಲ್ಲ ಹೆಚ್ಚುಕಡಿಮೆ ಅವರ ಕೈಯ ಕೆಲಸ.

ಆ ಇಟ್ಟಿಗೆಯಿಂದ ವಾಷಿಂಗ್ಟನ್ ಕಟ್ಟಡದ ಜೊತೆಗೆ ಒಂದು ಸಿದ್ಧಾಂತವನ್ನೂ ಕಟ್ಟಿದರು. ಶಾಲೆಯ ಬಗ್ಗೆ ಒಳ್ಳೆಯ ಅಭಿಪ್ರಾಯವಿಲ್ಲದ ಬಿಳಿಯರೂ ಇಟ್ಟಿಗೆಗಾಗಿ ಬಾಗಿಲಿಗೆ ಬಂದರು. ಇಟ್ಟಿಗೆ ಚೆನ್ನಾಗಿತ್ತು, ಅಷ್ಟೆ. ಕೊಡುಕೊಳ್ಳುವಿಕೆ ಬೆಳೆಯಿತು. ಇದನ್ನು ಕಂಡವರು, ಬೇಕಾದ ವಸ್ತುವನ್ನು ಮಾಡಿಕೊಡುವವನಿಗೆ ಮರ್ಯಾದೆ ತಾನಾಗಿ ಬರುತ್ತದೆ, ಹಕ್ಕು ಅದರ ಬೆನ್ನಿಗೇ ಬರುತ್ತದೆ ಎಂದು ನಂಬಿದರು. ಕಸುಬುದಾರ ಜಾತಿಗಳ ಚರಿತ್ರೆ ಬಲ್ಲ ನಮಗೆ ಈ ನಂಬಿಕೆಯ ಪೊಳ್ಳು ಬೇಗ ಕಾಣುತ್ತದೆ. ಚಪ್ಪಲಿ, ಮಡಕೆ, ಬಟ್ಟೆ ಕೊಂಡವರೆಲ್ಲ ಮಾಡಿಕೊಟ್ಟವರನ್ನು ಪಕ್ಕದಲ್ಲಿ ಕೂರಿಸಿಕೊಂಡರೇ?

ಆಡಳಿತಗಾರರಾಗಿ ಅವರ ರೀತಿ ಹೇಗಿತ್ತು? ಕಠಿಣವಾಗಿತ್ತು. ಹಲ್ಲುಜ್ಜುವ ಬ್ರಷ್ ಇಲ್ಲದ ವಿದ್ಯಾರ್ಥಿಗೆ ಅಲ್ಲಿ ಜಾಗವಿರಲಿಲ್ಲ. ಹಾಸಿಗೆಯಲ್ಲಿ ಎರಡು ದುಪ್ಪಟಿಗಳ ನಡುವೆ ಮಲಗಬೇಕೆಂದು ಕಲಿಸುವುದೂ ಪಠ್ಯವೇ. ಹುಡುಗರು ಎರಡರ ಮೇಲೋ ಎರಡರ ಕೆಳಗೋ ಮಲಗುತ್ತಿದ್ದರು. 1884ರಲ್ಲಿ ರಾತ್ರಿ ಶಾಲೆ ಶುರು ಮಾಡಿದರು: ಫೀಸು ಕಟ್ಟಲಾಗದವರು ಹಗಲು ಹತ್ತು ಗಂಟೆ ದುಡಿದು ರಾತ್ರಿ ಎರಡು ಗಂಟೆ ಓದಬೇಕು. ವರ್ಷದಲ್ಲಿ ಸುಮಾರು ಆರು ತಿಂಗಳು ಅವರು ಚಂದಾ ಎತ್ತಲು ಹೊರಗೇ ಇರುತ್ತಿದ್ದರು, ಆದರೆ ದಿನದಿನದ ವರದಿ ಅವರಿದ್ದಲ್ಲಿಗೆ ಹೋಗುತ್ತಿತ್ತು. ಯಾವ ವಿದ್ಯಾರ್ಥಿಗೆ ಏಕೆ ರಜೆ ಕೊಟ್ಟಿರಿ, ಡೇರಿಯಲ್ಲಿ ಹಾಲೆಷ್ಟು ಬೆಣ್ಣೆಯೆಷ್ಟು, ಇಂದಿನ ಮಾಂಸ ಬೇಯಿಸಿದ್ದೋ ಸುಟ್ಟದ್ದೋ, ತರಕಾರಿ ನಮ್ಮ ಹೊಲದ್ದೋ ಅಂಗಡಿಯದೋ ಎಂಬುದೆಲ್ಲ ಅದರಲ್ಲಿ ಇರಬೇಕು. ಹೋಟೆಲಿನ ಕೋಣೆಯಲ್ಲಿ ಕೂತು ಸಾವಿರ ಮೈಲಿಯಾಚೆಯ ಅಡುಗೆಮನೆಯ ತರಕಾರಿ ಎಣಿಸುವ ಮುಖ್ಯಸ್ಥರ ಕೈಕೆಳಗೆ ಕೆಲಸ ಮಾಡುವುದು ಹೇಗಿದ್ದಿರಬಹುದು ಎಂದು ಊಹಿಸಿ. 1903ರಲ್ಲಿ, ದುಡಿಮೆ ಹೆಚ್ಚಾಯಿತು ಓದಿಗೆ ಹೊತ್ತು ಸಾಲದು ಎಂದು ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ಮಾದರಿ ಸಂಸ್ಥೆಯ ಪ್ರಚಾರಪತ್ರಗಳಲ್ಲಿ ಅದಕ್ಕೆ ಜಾಗ ಸಿಕ್ಕಲಿಲ್ಲ.

ಆದರೆ ಜನರನ್ನು ಆರಿಸುವಲ್ಲಿ ಅವರ ಕಣ್ಣು ಚುರುಕು. ಎಂ.ಐ.ಟಿ.ಯಿಂದ ವಾಸ್ತುಶಿಲ್ಪದ ಪದವಿ ಪಡೆದ ಮೊದಲ ಕಪ್ಪು ಅಮೆರಿಕನ್ ರಾಬರ್ಟ್ ಟೇಲರ್ ಟಸ್ಕೆಗೀಗೆ ಬಂದು ಆ ಇಟ್ಟಿಗೆಗಳಿಗೆ ರೂಪ ಕೊಟ್ಟರು. 1896ರಲ್ಲಿ ಅಯೋವಾದಿಂದ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಬಂದರು. ನೆಲಗಡಲೆ, ಗೆಣಸು ಎಂದು ನಮ್ಮ ಪಠ್ಯಪುಸ್ತಕಗಳಲ್ಲೂ ಬರುವ ಕೃಷಿ ವಿಜ್ಞಾನಿ ಇವರೇ. 1906ರಲ್ಲಿ ಶಾಲೆಯ ಉಪಕರಣಗಳನ್ನು ಬಂಡಿಗೇರಿಸಿ ಹಳ್ಳಿಗೇ ಕಳಿಸಿದರು. ಬಡರೈತ ಶಾಲೆಗೆ ಬರಲಾರ, ಶಾಲೆಯೇ ಅವನ ಹೊಲಕ್ಕೆ ಹೋಗಲಿ ಎಂದು. ದಾನಿಗಳ ವಿಷಯದಲ್ಲೂ ವಾಷಿಂಗ್ಟನ್‌ರ ತಾಳ್ಮೆ ಅಷ್ಟೇ. ರೈಲ್ವೆ ಧಣಿ ಕಾಲಿಸ್ ಹಂಟಿಂಗ್ಟನ್ ಮೊದಲ ಭೇಟಿಯಲ್ಲಿ ಕೊಟ್ಟದ್ದು ಎರಡು ಡಾಲರ್, ಕೊನೆಗೆ ಕೊಟ್ಟದ್ದು ಐವತ್ತು ಸಾವಿರ. ಉಕ್ಕಿನ ಧಣಿ ಆಂಡ್ರ್ಯೂ ಕಾರ್ನೆಗಿ 1903ರಲ್ಲಿ 6 ಲಕ್ಷ ಡಾಲರಿನ ಬಾಂಡುಗಳನ್ನು ಕೊಟ್ಟರು, ಅದರಲ್ಲಿ ಒಂದೂವರೆ ಲಕ್ಷದ ಆದಾಯ ವಾಷಿಂಗ್ಟನ್ ಕುಟುಂಬದ ಜೀವನಕ್ಕೆಂದು ಮೀಸಲು.

ಈ ಮಹಾದಾನಗಳಿಗೆ ಬಾಗಿಲು ತೆರೆದದ್ದು ಹತ್ತು ನಿಮಿಷದ ಆಸುಪಾಸಿನ ಒಂದು ಭಾಷಣ. 1895ರ ಸೆಪ್ಟೆಂಬರ್ 18ರಂದು ಅಟ್ಲಾಂಟಾದ ಪ್ರದರ್ಶನದಲ್ಲಿ, ಬಿಳಿಯರೂ ಕಪ್ಪು ಜನರೂ ಬೇರೆ ಬೇರೆ ಕೂತಿದ್ದ ಸಭೆಯಲ್ಲಿ, ಅವರು ಹೇಳಿದ್ದರ ಸಾರ ಇಷ್ಟು: ನಮಗೆ ಕೆಲಸ ಕೊಡಿ, ಕಸುಬು ಕಲಿಯಲು ಬಿಡಿ, ಸಾಮಾಜಿಕ ಸಮಾನತೆಯ ಚಳವಳಿ ನಾವು ಹೂಡುವುದಿಲ್ಲ, ಬೆರಳುಗಳಂತೆ ಬೇರೆ ಬೇರೆಯಾಗಿದ್ದು ಏಳಿಗೆಯ ವಿಷಯದಲ್ಲಿ ಒಂದೇ ಕೈಯಾಗೋಣ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮರುವರ್ಷ ಸುಪ್ರೀಂ ಕೋರ್ಟು ಪ್ಲೆಸ್ಸಿ ಪ್ರಕರಣದಲ್ಲಿ, ಬೇರೆ ಬೇರೆ ಕೂರಿಸುವುದು ಸಂವಿಧಾನಬದ್ಧ ಎಂದಿತು. 1901ರಲ್ಲಿ ಅಲಬಾಮ ಹೊಸ ಸಂವಿಧಾನ ಬರೆದುಕೊಂಡಿತು. ಮತ ಹಾಕಲು ಅರ್ಹರಾಗಿದ್ದ ಒಂದು ಲಕ್ಷ ಎಂಬತ್ತು ಸಾವಿರದಷ್ಟು ಕಪ್ಪು ಜನರಲ್ಲಿ ಪಟ್ಟಿಯಲ್ಲಿ ಉಳಿದವರು ಮೂರು ಸಾವಿರಕ್ಕೂ ಕಡಿಮೆ. ಇನ್ನೊಬ್ಬ ಲೂಯಿಸ್ ಆಡಮ್ಸ್ ಇನ್ನೊಬ್ಬ ಫಾಸ್ಟರ್ ಜೊತೆ ಇನ್ನೊಂದು ಶಾಲೆಗಾಗಿ ಚೌಕಾಸಿ ಮಾಡುವ ದಾರಿ ಅಲ್ಲಿಗೆ ಮುಚ್ಚಿತು.

1903ರಲ್ಲಿ ಕಪ್ಪು ವಿದ್ವಾಂಸ ಡಬ್ಲ್ಯೂ. ಇ. ಬಿ. ಡು ಬೋಯಿಸ್ ‘ದ ಸೋಲ್ಸ್ ಆಫ್ ಬ್ಲ್ಯಾಕ್ ಫೋಕ್’ ಪುಸ್ತಕದಲ್ಲಿ ಒಂದು ಇಡೀ ಅಧ್ಯಾಯವನ್ನು ವಾಷಿಂಗ್ಟನ್ ವಿಮರ್ಶೆಗೆ ಮೀಸಲಿಟ್ಟರು. ಕೊಳಕು ಗುಡಿಸಲಿನಲ್ಲಿ, ಜಿಡ್ಡು ಹತ್ತಿದ ಬಟ್ಟೆಯಲ್ಲಿ, ಫ್ರೆಂಚ್ ವ್ಯಾಕರಣ ಓದುತ್ತ ಕೂತಿದ್ದ ಹುಡುಗನನ್ನು ಕಂಡು ಇದಕ್ಕಿಂತ ವಿಷಾದದ ದೃಶ್ಯವಿಲ್ಲ ಎಂಬ ಅರ್ಥದಲ್ಲಿ ವಾಷಿಂಗ್ಟನ್ ಬರೆದಿದ್ದರು. ಇದನ್ನು ಕೇಳಿದ್ದರೆ ಸಾಕ್ರಟೀಸ್ ಏನೆನ್ನುತ್ತಿದ್ದನೋ ಎಂದು ಡು ಬೋಯಿಸ್ ಚುಚ್ಚಿದರು. ನಾನು ಇಲ್ಲಿ ಡು ಬೋಯಿಸ್ ಪಕ್ಷ. ನಮ್ಮಲ್ಲೂ ಬೀದಿದೀಪದಲ್ಲಿ ಓದಿದವರ ಕತೆಗಳಿವೆ, ಅವರಿಗೆ ಯಾರೂ ಮೊದಲು ಅಂಗಳ ಗುಡಿಸು ಎನ್ನಲಿಲ್ಲ. ಎಂದವರಿದ್ದರೆ ಅದು ಹುಡುಗನ ಜಾತಿ ನೋಡಿ. ಡು ಬೋಯಿಸ್ ಹೇಳಿದ ಇನ್ನೊಂದು ಅಂಶ ಆಡಳಿತಗಾರರಿಗೆ ನಾಟಬೇಕು: ಕಸುಬು ಶಾಲೆಗಳಿಗೆ ಅಧ್ಯಾಪಕರು ಬರುವುದು ವಾಷಿಂಗ್ಟನ್ ಹೀಗಳೆಯುವ ಉನ್ನತ ಶಿಕ್ಷಣದ ಕಾಲೇಜುಗಳಿಂದಲೇ. ಟಸ್ಕೆಗೀಯ ಅಧ್ಯಾಪಕರ ಪಟ್ಟಿಯೇ ಅದಕ್ಕೆ ಸಾಕ್ಷಿಯಾಗಿತ್ತು.

ಇಷ್ಟಕ್ಕೇ ನಿಲ್ಲಿಸಿದ್ದರೆ ನಮಗೆ ಸಿಗುತ್ತಿದ್ದುದು ಒಬ್ಬ ರಾಜಿಕೋರ. 1950ರ ದಶಕದಿಂದೀಚೆಗೆ ಆಗಸ್ಟ್ ಮೈಯರ್, ಲೂಯಿಸ್ ಹಾರ್ಲನ್ ಮೊದಲಾದ ಇತಿಹಾಸಕಾರರು ವಾಷಿಂಗ್ಟನ್‌ರ ಖಾಸಗಿ ಕಾಗದಪತ್ರಗಳನ್ನು ಬಿಚ್ಚಿದಾಗ ಎರಡನೆಯ ಲೆಕ್ಕದ ಪುಸ್ತಕ ಹೊರಬಂತು.

1895ರ ಜೂನ್, ಅಟ್ಲಾಂಟಾ ಭಾಷಣಕ್ಕೆ ಮೂರು ತಿಂಗಳು ಮುಂಚೆ. ಟಸ್ಕೆಗೀ ಊರಿನ ಕಪ್ಪು ವಕೀಲ ಥಾಮಸ್ ಹ್ಯಾರಿಸ್ ಮೇಲೆ ಬಿಳಿಯರ ಗುಂಪು ಬಿದ್ದಿತು. ಗುಂಡೇಟು ತಿಂದ ಹ್ಯಾರಿಸ್ ರಾತ್ರಿ ವಾಷಿಂಗ್ಟನ್‌ರ ಮನೆಬಾಗಿಲಿಗೆ ಬಂದರು. ಶಾಲೆಯಲ್ಲಿ ಆಶ್ರಯ ಕೊಡಲಾರೆ ಎಂದು ವಾಷಿಂಗ್ಟನ್ ಎಲ್ಲರಿಗೂ ಗೊತ್ತಾಗುವಂತೆ ಹೇಳಿ ಕಳಿಸಿದರು. ಬಿಳಿಯರು ಮೆಚ್ಚಿದರು, ಕಪ್ಪು ಪತ್ರಿಕೆಗಳು ಉಗಿದವು. ವಾಷಿಂಗ್ಟನ್ ಬಾಯಿ ಬಿಡಲಿಲ್ಲ. ಅದೇ ಹ್ಯಾರಿಸ್‌ರನ್ನು ಬಚ್ಚಿಟ್ಟು, ಊರಾಚೆಗೆ ಸಾಗಿಸಿ, ವೈದ್ಯರನ್ನು ಗೊತ್ತು ಮಾಡಿದವರು ವಾಷಿಂಗ್ಟನ್ ಎಂದು ತಿಳಿದದ್ದು, ಹ್ಯಾರಿಸ್ ಬರೆದ ಕೃತಜ್ಞತೆಯ ಪತ್ರ ಆ ಕಡತಗಳಲ್ಲಿ ಸಿಕ್ಕಿದ ಮೇಲೆ.

ಮತದ ವಿಷಯದಲ್ಲೂ ಹೀಗೇ. ಅಲಬಾಮದ ಹೊಸ ಸಂವಿಧಾನವನ್ನು ಪ್ರಶ್ನಿಸಿ ಜಾಕ್ಸನ್ ಗೈಲ್ಸ್ ಎಂಬವರು ಹೂಡಿದ ದಾವೆ 1903ರಲ್ಲಿ ಸುಪ್ರೀಂ ಕೋರ್ಟಿನ ತನಕ ಹೋಯಿತು. ವಕೀಲರು ವಿಲ್‌ಫರ್ಡ್ ಸ್ಮಿತ್. ಹಣ ಬಂದದ್ದು ವಾಷಿಂಗ್ಟನ್ ಕೈಯಿಂದ, ಗುಟ್ಟಾಗಿ. ಅವರ ಕಾರ್ಯದರ್ಶಿ ಎಮೆಟ್ ಸ್ಕಾಟ್ ‘ಆರ್. ಸಿ. ಬ್ಲ್ಯಾಕ್’ ಎಂದೂ ವಕೀಲ ಸ್ಮಿತ್ ‘ಜೆ. ಸಿ. ಮೇ’ ಎಂದೂ ಹುಸಿ ಹೆಸರಿನಲ್ಲಿ ಪತ್ರ ಬರೆದುಕೊಂಡರು. ದಾವೆ ಸೋತಿತು. ಸಾಲದ ನೆಪದಲ್ಲಿ ಕೂಲಿಗಳನ್ನು ಜೀತಕ್ಕೆ ಕಟ್ಟಿಹಾಕುತ್ತಿದ್ದ ಕಾನೂನನ್ನು ಪ್ರಶ್ನಿಸಿದ ಬೈಲಿ ಪ್ರಕರಣಕ್ಕೂ ಅವರ ಗುಪ್ತ ನೆರವಿತ್ತು. 1911ರಲ್ಲಿ ಅದು ಗೆದ್ದಿತು. ಹಗಲಲ್ಲಿ ಚಳವಳಿ ಬೇಡವೆಂದು ಭಾಷಣ, ರಾತ್ರಿಯಲ್ಲಿ ಅದೇ ಚಳವಳಿಯ ಖರ್ಚು.

ಹಾಗೆಂದು ಈ ಗುಟ್ಟಿನ ಪುಸ್ತಕ ಅವರನ್ನು ಪೂರ್ತಿ ತೊಳೆದುಕೊಡುವುದಿಲ್ಲ. ಅದರಲ್ಲಿ ಬೇರೆ ಬಾಬ್ತುಗಳೂ ಇದ್ದವು. ತಮ್ಮನ್ನು ಟೀಕಿಸುವ ಕಪ್ಪು ಪತ್ರಿಕೆಗಳನ್ನು ಕೈವಶ ಮಾಡಿಕೊಳ್ಳಲು ಹಣ ಹೋಯಿತು. ಡು ಬೋಯಿಸ್ ಮತ್ತು ಗೆಳೆಯರು ನಾಗರಿಕ ಹಕ್ಕುಗಳಿಗಾಗಿ 1905ರಲ್ಲಿ ಶುರು ಮಾಡಿದ ನಯಾಗರಾ ಚಳವಳಿಯೊಳಕ್ಕೆ ಗೂಢಚಾರರು ಹೋದರು. 1903ರ ಜುಲೈನಲ್ಲಿ ಬಾಸ್ಟನ್ನಿನ ಚರ್ಚೊಂದರಲ್ಲಿ, ವಾಷಿಂಗ್ಟನ್‌ರ ಸಭೆಯಲ್ಲಿ, ಎದ್ದು ನಿಂತು ಪ್ರಶ್ನೆ ಕೇಳಿದ ಪತ್ರಕರ್ತ ಮನ್ರೋ ಟ್ರಾಟರ್ ಮೂವತ್ತು ದಿನ ಜೈಲು ಕಂಡರು. ಸಂಸ್ಥೆ ದೊಡ್ಡದಾದಷ್ಟೂ ಸಂಸ್ಥೆಯ ಟೀಕೆಯೇ ಜನಾಂಗದ್ರೋಹ ಎಂದು ಮುಖ್ಯಸ್ಥರಿಗೆ ಕಾಣತೊಡಗಿತು. ದೊಡ್ಡ ಶಿಕ್ಷಣ ಸಂಸ್ಥೆಗಳ ನೆರಳಿನಲ್ಲಿ ಬದುಕುವ ನಮಗೆ ಇದೇನೂ ಹೊಸದಲ್ಲ. ಹ್ಯಾರಿಸ್‌ಗೆ ಔಷಧ ಕೊಡಿಸಿದ್ದೂ ಗೂಢಚಾರನಿಗೆ ದುಡ್ಡು ಕೊಟ್ಟದ್ದೂ ಒಂದೇ ಕೈ, ಒಂದೇ ಗುಟ್ಟಿನ ಅಭ್ಯಾಸ. ಒಂದನ್ನು ಮೆಚ್ಚಿ ಇನ್ನೊಂದನ್ನು ಮರೆಯುವ ಅನುಕೂಲ ನಮಗಿಲ್ಲ.

ನಮ್ಮ ಕಡೆಗೂ ವಾಷಿಂಗ್ಟನ್‌ರ ಪ್ರಭಾವ ಬಂದದ್ದು ದಕ್ಷಿಣ ಆಫ್ರಿಕದ ದಾರಿಯಲ್ಲಿ. 1903ರಲ್ಲೇ ಗಾಂಧೀಜಿ ತಮ್ಮ ‘ಇಂಡಿಯನ್ ಒಪಿನಿಯನ್’ ಪತ್ರಿಕೆಯಲ್ಲಿ ವಾಷಿಂಗ್ಟನ್ ಬಗ್ಗೆ ಮೆಚ್ಚುಗೆಯ ಲೇಖನ ಬರೆದರು. ಟಸ್ಕೆಗೀಯನ್ನು ಕಂಡು ಬಂದು ನಟಾಲ್‌ನಲ್ಲಿ ಓಲಾಂಗೆ ಶಾಲೆ ಕಟ್ಟಿದ ಜಾನ್ ಡೂಬೆಯವರ ನೆಲ, ಗಾಂಧೀಜಿಯ ಫೀನಿಕ್ಸ್ ಆಶ್ರಮಕ್ಕೆ ನೆರೆ. 1937ರ ವಾರ್ಧಾ ಮೂಲಶಿಕ್ಷಣ ಯೋಜನೆಗೆ ಇದೇ ಬೇರು ಎಂದು ಹೇಳಲಾರೆ, ಅದರ ಬೇರುಗಳು ಹಲವು. ಕೈಕೆಲಸವೇ ಪಾಠ ಎನ್ನುವ ಮಾತನ್ನು ಗಾಂಧೀಜಿ ದಕ್ಷಿಣ ಆಫ್ರಿಕದಲ್ಲಿದ್ದಾಗಲೇ ವಾಷಿಂಗ್ಟನ್‌ರಿಂದಲೂ ಕೇಳಿಸಿಕೊಂಡಿದ್ದರು ಎಂದಷ್ಟೇ ಹೇಳಬಹುದು.

1915ರ ನವೆಂಬರಿನಲ್ಲಿ ವಾಷಿಂಗ್ಟನ್ ನ್ಯೂಯಾರ್ಕಿನಲ್ಲಿ ಕುಸಿದರು. ಉಳಿಯುವುದಿಲ್ಲ ಎಂದು ವೈದ್ಯರು ಹೇಳಿದಾಗ ಊರಿಗೆ ಹೋಗಬೇಕೆಂದು ಹಟ ಹಿಡಿದು ರೈಲು ಹತ್ತಿದರು. ಟಸ್ಕೆಗೀ ಮುಟ್ಟಿದ ಕೆಲವೇ ಗಂಟೆಗಳಲ್ಲಿ, 14ರ ಬೆಳಗಿನ ಜಾವ, ತೀರಿಕೊಂಡರು. ಐವತ್ತೊಂಬತ್ತು ವರ್ಷ. ಡು ಬೋಯಿಸ್ ತಮ್ಮ ಪತ್ರಿಕೆಯಲ್ಲಿ ಅವರ ದೊಡ್ಡತನವನ್ನೂ ಒಪ್ಪಿದರು, ಮತದ ಹಕ್ಕು ಹೋದದ್ದರಲ್ಲಿ ಅವರ ಹೊಣೆಯನ್ನೂ ಹೇಳಿದರು. ಶ್ರದ್ಧಾಂಜಲಿಯಲ್ಲಿ ಸತ್ಯ ಬರೆಯುವ ಧೈರ್ಯ ಅಪರೂಪ.

ಅವರ ಕೊನೆಯ ದೊಡ್ಡ ಕೆಲಸ ಟಸ್ಕೆಗೀಯ ಆವರಣದಲ್ಲಿ ಇಲ್ಲ. ಸಿಯರ್ಸ್ ಕಂಪನಿಯ ಜೂಲಿಯಸ್ ರೋಸೆನ್‌ವಾಲ್ಡ್ 1912ರಲ್ಲಿ 25,000 ಡಾಲರ್ ಕೊಟ್ಟಿದ್ದರು. ಅದರಲ್ಲಿ ಮಿಕ್ಕ ಸ್ವಲ್ಪ ಹಣದಲ್ಲಿ ಹತ್ತಿರದ ಹಳ್ಳಿಗಳಲ್ಲಿ ಆರು ಪುಟ್ಟ ಶಾಲೆ ಕಟ್ಟಲೇ ಎಂದು ವಾಷಿಂಗ್ಟನ್ ಕೇಳಿದರು. 1913ರಲ್ಲಿ ಲೋಚಪೋಕಾ ಎಂಬ ಹಳ್ಳಿಯಲ್ಲಿ ಮೊದಲನೆಯದು ಎದ್ದಿತು. ನಿಯಮ ಸರಳ: ರೋಸೆನ್‌ವಾಲ್ಡ್ ಒಂದು ಪಾಲು ಕೊಡುತ್ತಾರೆ, ಹಳ್ಳಿಯ ಕಪ್ಪು ಜನ ಒಂದು ಪಾಲು ಕೂಡಿಸಬೇಕು, ಶಾಲೆ ಸರ್ಕಾರದ್ದಾಗಬೇಕು, ಉಳಿದದ್ದು ಸರ್ಕಾರ ಕೊಡಬೇಕು. ವಾಷಿಂಗ್ಟನ್ ಸತ್ತ ಮೇಲೂ ಇದು ನಡೆಯಿತು. 1932ಕ್ಕೆ ನಿಂತಾಗ ದಕ್ಷಿಣದ ರಾಜ್ಯಗಳಲ್ಲಿ ಸುಮಾರು 5,000 ಶಾಲೆಗಳಿದ್ದವು. ಒಟ್ಟು ಖರ್ಚು 2 ಕೋಟಿ 80 ಲಕ್ಷ ಡಾಲರ್ ಮೀರಿತ್ತು. ರೋಸೆನ್‌ವಾಲ್ಡ್ ನಿಧಿಯ ಪಾಲು ಸುಮಾರು 43 ಲಕ್ಷ. ಕಪ್ಪು ಹಳ್ಳಿಗರು ಜೋಳ ಮಾರಿ, ಕೋಳಿ ಮಾರಿ, ಮರ ಹೊತ್ತು ಕೂಡಿಸಿದ್ದು 47 ಲಕ್ಷ, ದಾನಿಯ ಪಾಲಿಗಿಂತ ಹೆಚ್ಚು. 1881ರಲ್ಲಿ ಅಲಬಾಮ ಸರ್ಕಾರ ಸಂಬಳ ಮಾತ್ರ, ಕಟ್ಟಡಕ್ಕೆ ಚಿಕ್ಕಾಸೂ ಇಲ್ಲ ಎಂದಿತ್ತು, ಈ ಶಾಲೆಗಳಿಗೆ ಸರ್ಕಾರದ ಖಜಾನೆಯಿಂದ ಬಂದದ್ದು 1 ಕೋಟಿ 80 ಲಕ್ಷ. ಆ ಖಜಾನೆಗೆ ತೆರಿಗೆ ಕಟ್ಟಿದವರಲ್ಲೂ ಅದೇ ಹಳ್ಳಿಗರಿದ್ದರು.